ಪ್ಲಸ್ ಒನ್‌ಗೆ ಯಾವ ವಿಷಯ, ಯಾವ ಶಾಲೆ? ಕಾಸರಗೋಡಿನ ಕನ್ನಡ ಮಕ್ಕಳಿಗೂ ಹೆತ್ತವರಿಗೂ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಪ್ಲಸ್ ಒನ್, ಅಂದರೆ ಹನ್ನೊಂದನೆಯ ತರಗತಿಯ ಅರ್ಜಿಯ ಗಡಿಬಿಡಿ ಶುರುವಾಗುತ್ತದೆ. ಆನ್‌ಲೈನ್ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರದಲ್ಲಿ ಸರದಿ ಬಂದಾಗ ಕಂಪ್ಯೂಟರಿನ ಮುಂದೆ ಕುಳಿತವರು ಕೇಳುತ್ತಾರೆ: ಯಾವ ಶಾಲೆ, ಯಾವ ಕಾಂಬಿನೇಷನ್? ಎಷ್ಟೋ ಮಕ್ಕಳು ಈ ಪ್ರಶ್ನೆಯನ್ನು ಮೊದಲ ಬಾರಿಗೆ ಎದುರಿಸುವುದು ಅಲ್ಲೇ. ಸರದಿಯಲ್ಲಿ ತಮಗಿಂತ ಮುಂದಿದ್ದವರು ಹೇಳಿದ್ದನ್ನೇ ತಾವೂ ಹೇಳಿ, ಪ್ರಿಂಟ್ ತೆಗೆದುಕೊಂಡು ಎದ್ದು ಬರುತ್ತಾರೆ. ಎರಡು ವರ್ಷದ ಓದು, ಆಮೇಲಿನ ಪದವಿ, ಅನೇಕರಿಗೆ ಉದ್ಯೋಗದ ದಾರಿಯೂ ಆ ಐದು ನಿಮಿಷಗಳಲ್ಲಿ ನಿರ್ಧಾರವಾಗಿಬಿಡುತ್ತದೆ. ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಪಾಠ ಹೇಳುವ ನನಗೆ ಇದನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ. ಅಷ್ಟು ಶ್ರಮಪಟ್ಟು ಪಡೆದ ಎ ಪ್ಲಸ್‌ಗಳನ್ನು ಎಲ್ಲಿ ಹೂಡಬೇಕು ಎಂದು ಯೋಚಿಸುವುದಕ್ಕೆ ಒಂದು ವಾರವಾದರೂ ಬೇಡವೇ?

ಆ ಒಂದು ವಾರದಲ್ಲಿ ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಕ್ರಮ ಮುಖ್ಯ. ನಮ್ಮಲ್ಲಿ ಹೆಚ್ಚಿನವರು ಮೊದಲು ಶಾಲೆ, ಆಮೇಲೆ ವಿಷಯ, ಕೊನೆಗೆ ಭಾಷೆ ಎಂದು ನೋಡುತ್ತಾರೆ. ಕಾಸರಗೋಡಿನ ಕನ್ನಡ ಮಗುವಿಗೆ ಇದು ತಲೆಕೆಳಗಾದ ಕ್ರಮ.

ಮೊದಲ ಹೆಜ್ಜೆ: ಆರು ವಿಷಯಗಳ ಲೆಕ್ಕ ತಿಳಿದುಕೊಳ್ಳಿ

ಪ್ಲಸ್ ಒನ್, ಪ್ಲಸ್ ಟು ಸೇರಿದ ಹಯರ್ ಸೆಕೆಂಡರಿಯಲ್ಲಿ ಒಬ್ಬ ವಿದ್ಯಾರ್ಥಿ ಕಲಿಯುವುದು ಆರು ವಿಷಯ. ಒಂದನೆಯ ಭಾಗದಲ್ಲಿ ಇಂಗ್ಲಿಷ್. ಅದು ಎಲ್ಲರಿಗೂ ಕಡ್ಡಾಯ. ಎರಡನೆಯ ಭಾಗದಲ್ಲಿ ದ್ವಿತೀಯ ಭಾಷೆ: ಕನ್ನಡ, ಮಲಯಾಳ, ಹಿಂದಿ, ಅರಬಿಕ್, ಸಂಸ್ಕೃತ, ಉರ್ದು ಮುಂತಾದವುಗಳಲ್ಲಿ ಶಾಲೆಯಲ್ಲಿ ಇರುವ ಒಂದು. ಮೂರನೆಯ ಭಾಗದಲ್ಲಿ ನಾಲ್ಕು ಐಚ್ಛಿಕ ವಿಷಯಗಳು. ಈ ನಾಲ್ಕರ ಗುಂಪಿಗೇ ಕಾಂಬಿನೇಷನ್ ಎನ್ನುವುದು.

ನಾಲ್ಕನ್ನೂ ನಿಮ್ಮಿಷ್ಟದಂತೆ ಬೆರೆಸಿಕೊಳ್ಳಲು ಬರುವುದಿಲ್ಲ. ಸಯನ್ಸ್, ಕಾಮರ್ಸ್, ಹ್ಯುಮಾನಿಟೀಸ್ ಎಲ್ಲ ಸೇರಿ ರಾಜ್ಯದಲ್ಲಿ ನಲವತ್ತಕ್ಕೂ ಹೆಚ್ಚು ಕಾಂಬಿನೇಷನ್‌ಗಳಿವೆ. ಒಂದೊಂದಕ್ಕೂ ಸಂಖ್ಯೆಯ ಕೋಡ್ ಇದೆ. ಆದರೆ ಒಂದು ಶಾಲೆಯಲ್ಲಿ ಅವುಗಳಲ್ಲಿ ಕೆಲವೇ ಕೆಲವು ಇರುತ್ತವೆ. ಹಾಗಾಗಿ ‘ಸಯನ್ಸ್ ಸಿಕ್ಕಿತು’ ಎಂದರೆ ಅರ್ಧ ಮಾತಾಯಿತು. ಯಾವ ಸಯನ್ಸ್ ಎಂದು ಕೇಳಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಜೊತೆ ಜೀವಶಾಸ್ತ್ರ ಮತ್ತು ಗಣಿತ ಇರುವುದು ಬೇರೆ. ಗಣಿತ ಮತ್ತು ಕಂಪ್ಯೂಟರ್ ಸಯನ್ಸ್ ಇರುವುದು ಬೇರೆ. ಜೀವಶಾಸ್ತ್ರ ಮತ್ತು ಹೋಮ್ ಸಯನ್ಸ್ ಇರುವುದು ಬೇರೆ. ಮೂರಕ್ಕೂ ಹೆಸರು ಸಯನ್ಸ್ ಎಂದೇ, ಆದರೆ ಅವು ತೆರೆಯುವ ಬಾಗಿಲುಗಳು ಒಂದೇ ಅಲ್ಲ.

ಎರಡನೆಯ ಹೆಜ್ಜೆ: ಕನ್ನಡ ಇದೆಯೇ ಎಂದು ಕೇಳಿ

ಬೇರೆಲ್ಲದಕ್ಕಿಂತ ಮುಂಚೆ ಇದು. ಏಕಜಾಲಕ, ಅಂದರೆ ಜಿಲ್ಲೆಯ ಶಾಲೆಗಳಿಗೆಲ್ಲ ಒಂದೇ ಆನ್‌ಲೈನ್ ಅರ್ಜಿಯ ವ್ಯವಸ್ಥೆಯಲ್ಲಿ ನೀವು ಆರಿಸುವುದು ಶಾಲೆ ಮತ್ತು ಕಾಂಬಿನೇಷನ್ ಮಾತ್ರ. ದ್ವಿತೀಯ ಭಾಷೆ ತೀರ್ಮಾನವಾಗುವುದು ಸೇರುವ ದಿನ, ಆ ಶಾಲೆಯಲ್ಲಿ ಏನಿದೆಯೋ ಅದರೊಳಗೆ. ಹತ್ತು ವರ್ಷ ಕನ್ನಡದಲ್ಲೇ ಕಲಿತ ಮಗು, ಕನ್ನಡ ಇಲ್ಲದ ಶಾಲೆಗೆ ಹೋಗಿ, ಆ ದಿನ ಕೌಂಟರಿನಲ್ಲಿ ಹಿಂದಿಯನ್ನೋ ಮಲಯಾಳವನ್ನೋ ಒಪ್ಪಿಕೊಳ್ಳಬೇಕಾಗುತ್ತದೆ. ಮಲಯಾಳ ಓದಲು ಬಾರದವರಿಗೆ ಅಲ್ಲಿ ಆಯ್ಕೆಯೂ ಉಳಿಯುವುದಿಲ್ಲ.

ಇದರಲ್ಲಿ ಭಾಷಾಪ್ರೇಮದ ಮಾತು ಇದ್ದೇ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅಂಕದ ಮಾತೂ ಇದೆ. ಆರು ವಿಷಯಗಳಿಗೆ ಎರಡು ವರ್ಷ ಸೇರಿ ಒಟ್ಟು 1200 ಅಂಕ, ಒಂದೊಂದಕ್ಕೆ 200. ಉಳಿದ ಐದೂ ಇಂಗ್ಲಿಷ್ ಪುಸ್ತಕದಿಂದಲೇ ಕಲಿಯಬೇಕಾದ ಮಗುವಿಗೆ, ತಾನು ಧೈರ್ಯವಾಗಿ ಬರೆಯಬಲ್ಲ 200 ಅಂಕದ ಒಂದು ವಿಷಯ ಇರುವುದು ದೊಡ್ಡ ಆಸರೆ. ಸಯನ್ಸ್‌ನಲ್ಲಿ ಮೊದಲ ತಿಂಗಳು ತತ್ತರಿಸುವ ಮಗು ಕನ್ನಡದ ಪೀರಿಯಡಿನಲ್ಲಿ ತಲೆ ಎತ್ತಿ ಕೂರುವುದನ್ನು ನೋಡಿದವರಿಗೆ ಇದು ಗೊತ್ತು.

ಇನ್ನೊಂದು ಕಾರಣ ನಮ್ಮ ನೆಲದ್ದು. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡ ಮಾಧ್ಯಮದ ಎಲ್‌ಪಿ, ಯುಪಿ, ಹೈಸ್ಕೂಲುಗಳಿವೆ. ಅವುಗಳಿಗೆ ಕನ್ನಡದಲ್ಲಿ ಪಾಠ ಮಾಡಬಲ್ಲ ಗಣಿತದ, ವಿಜ್ಞಾನದ, ಸಮಾಜಪಾಠದ ಅಧ್ಯಾಪಕರು ಬೇಕು. ಕೇರಳ ಪಿಎಸ್‌ಸಿ ಕನ್ನಡ ಮಾಧ್ಯಮದ ಅಧ್ಯಾಪಕ ಹುದ್ದೆಗಳನ್ನು ಪ್ರತ್ಯೇಕವಾಗಿಯೇ ಕರೆಯುತ್ತದೆ. ಕಚೇರಿಗಳಲ್ಲಿ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲ ಗುಮಾಸ್ತರ ಹುದ್ದೆಗಳೂ ನಮ್ಮ ಜಿಲ್ಲೆಯಲ್ಲಿವೆ. ಕನ್ನಡ ಬಾರದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗೆ ಬಂದಾಗ ಮಕ್ಕಳೂ ಹೆತ್ತವರೂ ಶಾಲೆಯ ಎದುರು ಕುಳಿತ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಆ ಜಾಗ ತುಂಬಬೇಕಾದವರು ಇಂದು ಪ್ಲಸ್ ಒನ್‌ಗೆ ಸೇರುವ ಮಕ್ಕಳೇ. ಅಲ್ಲದೆ ಹಯರ್ ಸೆಕೆಂಡರಿಯಲ್ಲಿ ಕನ್ನಡದ ಹುದ್ದೆ ನಿಲ್ಲುವುದು ಕಲಿಯುವ ಮಕ್ಕಳ ಸಂಖ್ಯೆಯ ಮೇಲೆ. ನೀವು ತೆಗೆದುಕೊಂಡರೆ ನಿಮ್ಮ ತಮ್ಮ ತಂಗಿಯರಿಗೂ ಅದು ಉಳಿಯುತ್ತದೆ.

ಏನು ಮಾಡಬೇಕು? ನೀವು ಯೋಚಿಸುತ್ತಿರುವ ಶಾಲೆಗಳ ಪಟ್ಟಿ ಮಾಡಿ. ಒಂದೊಂದಕ್ಕೂ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ದ್ವಿತೀಯ ಭಾಷೆಯಾಗಿ ಕನ್ನಡ ಇದೆಯೇ? ನನಗೆ ಬೇಕಾದ ಕಾಂಬಿನೇಷನ್‌ನ ಬ್ಯಾಚಿಗೂ ಅದು ಸಿಗುತ್ತದೆಯೇ? ಎರಡನೆಯ ಪ್ರಶ್ನೆಯನ್ನು ಬಿಡಬೇಡಿ. ಹ್ಯುಮಾನಿಟೀಸ್ ಬ್ಯಾಚಿಗೆ ಕನ್ನಡ ಇದ್ದು ಸಯನ್ಸ್ ಬ್ಯಾಚಿನ ಟೈಮ್‌ಟೇಬಲಿನಲ್ಲಿ ಇಲ್ಲದೆ ಇರಬಹುದು.

ಒಂದು ಮಾತು ಸೇರಿಸುತ್ತೇನೆ. ಕನ್ನಡ ತೆಗೆದುಕೊಳ್ಳಿ ಎಂದರೆ ಮಲಯಾಳ ಬೇಡ ಎಂದಲ್ಲ. ವಿಲೇಜ್ ಆಫೀಸು, ಪಂಚಾಯತು, ಪಿಎಸ್‌ಸಿ ಎಲ್ಲ ಕಡೆ ಅದು ಬೇಕು. ರಜೆಯಲ್ಲಿ ಅಕ್ಷರ ಕಲಿತು ಬಸ್ಸಿನ ಬೋರ್ಡು, ಪತ್ರಿಕೆಯ ತಲೆಬರಹ ಓದುವಷ್ಟಾದರೂ ಮಾಡಿಕೊಳ್ಳಿ.

ಮೂರನೆಯ ಹೆಜ್ಜೆ: ಪದವಿಯಿಂದ ಹಿಂದಕ್ಕೆ ನೋಡಿ

ಯಾವ ಕಾಂಬಿನೇಷನ್ ಒಳ್ಳೆಯದು ಎಂಬ ಪ್ರಶ್ನೆಗೆ ಉತ್ತರವಿಲ್ಲ. ಪ್ಲಸ್ ಟು ಆದ ಮೇಲೆ ಏನು ಮಾಡಬೇಕೆಂದಿದ್ದೇನೆ, ಅದಕ್ಕೆ ಯಾವ ವಿಷಯ ಕಡ್ಡಾಯ ಎಂದು ಕೇಳಿದರೆ ಉತ್ತರ ಇದೆ. ಒಂದು ಕಾಗದದಲ್ಲಿ ಮಗು ತನಗೆ ಇಷ್ಟವಾದ ಮೂರು ದಾರಿ ಬರೆಯಲಿ. ಮೂರರಲ್ಲಿ ಯಾವುದನ್ನೂ ಮುಚ್ಚದ ಕಾಂಬಿನೇಷನ್ ಯಾವುದೆಂದು ನೋಡಿ.

ವೈದ್ಯಕೀಯ, ದಂತವೈದ್ಯ, ಆಯುರ್ವೇದಕ್ಕೆ ನೀಟ್ ಎಂಬ ಅಖಿಲ ಭಾರತ ಪ್ರವೇಶ ಪರೀಕ್ಷೆ ಬರೆಯಬೇಕು. ಅದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು. ಕೇರಳದಲ್ಲಿ ಬಿಎಸ್‌ಸಿ ನರ್ಸಿಂಗ್‌ಗೂ ಇವೇ ಮೂರು ಬೇಕು. ಎಂಜಿನಿಯರಿಂಗ್‌ಗೆ ಗಣಿತ ಮತ್ತು ಭೌತಶಾಸ್ತ್ರ ಇಲ್ಲದೆ ಆಗುವುದಿಲ್ಲ, ಜೀವಶಾಸ್ತ್ರ ಬೇಡ. ಪೊವ್ವಲ್‌ನ ಎಲ್‌ಬಿಎಸ್ ಎಂಜಿನಿಯರಿಂಗ್ ಕಾಲೇಜಿನ ಕನಸಿರುವ ಮಗು ಕಂಪ್ಯೂಟರ್ ಸಯನ್ಸ್ ಇರುವ ಗುಂಪು ಸೇರಿದರೂ ಏನೂ ಕೆಡುವುದಿಲ್ಲ. ಆದರೆ ಅದೇ ಮಗುವಿಗೆ ಒಂದು ವರ್ಷದ ನಂತರ ನರ್ಸಿಂಗ್ ಮಾಡಬೇಕೆನಿಸಿದರೆ ಬಾಗಿಲು ಮುಚ್ಚಿರುತ್ತದೆ.

ಅಡಿಕೆ, ತೆಂಗಿನ ತೋಟದ ಮನೆಗಳಿಂದ ಬರುವ ಮಕ್ಕಳಲ್ಲಿ ಕೃಷಿ ಪದವಿ ಓದುವ ಆಸೆ ಇರುವವರು ಈಚೆಗೆ ಕಾಣಸಿಗುತ್ತಾರೆ, ಅದು ನನಗೆ ಬಹಳ ಸಂತೋಷ ಕೊಡುವ ಸಂಗತಿ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದ ಸಿಪಿಸಿಆರ್‌ಐ ನಮ್ಮ ಊರಿನಲ್ಲೇ ಇದೆ, ಪಡನ್ನಕ್ಕಾಡಿನಲ್ಲಿ ಕೃಷಿ ಕಾಲೇಜು ಇದೆ. ಅವರು ತಿಳಿದಿರಬೇಕಾದದ್ದು ಇಷ್ಟು: ಕೇರಳದಲ್ಲಿ ಬಿಎಸ್‌ಸಿ ಕೃಷಿಗೆ ನೀಟ್ ಅಂಕವನ್ನೇ ನೋಡುತ್ತಾರೆ, ಕರ್ನಾಟಕದಲ್ಲಿ ಅಲ್ಲಿನ ಪ್ರವೇಶ ಪರೀಕ್ಷೆಯಾದ ಸಿಇಟಿ ನೋಡುತ್ತಾರೆ. ಎರಡು ಕಡೆಯೂ ಪ್ರಯತ್ನಿಸುವವರು ಜೀವಶಾಸ್ತ್ರ ಮತ್ತು ಗಣಿತ ಎರಡೂ ಇರುವ ಗುಂಪು ಹಿಡಿಯುವುದು ಕ್ಷೇಮ.

ಬಿಕಾಂ, ಬಿಎ, ಐದು ವರ್ಷದ ಕಾನೂನು ಪದವಿ, ಸಿಎ ಫೌಂಡೇಶನ್ ಇವುಗಳಿಗೆ ಯಾವ ಗುಂಪಿನಿಂದಲೂ ಹೋಗಬಹುದು. ‘ಸಯನ್ಸ್ ತೆಗೆದರೆ ಎಲ್ಲ ಕಡೆ ಹೋಗಬಹುದಲ್ಲ’ ಎಂಬ ವಾದ ಹುಟ್ಟುವುದು ಇಲ್ಲಿಂದಲೇ. ಮಾತು ನಿಜ. ಆದರೆ ಇಷ್ಟವಿಲ್ಲದ ಸಯನ್ಸನ್ನು ಎರಡು ವರ್ಷ ಹೊತ್ತು ಕಡಿಮೆ ಅಂಕ ತಂದವನಿಗಿಂತ, ಇಷ್ಟಪಟ್ಟು ಕಾಮರ್ಸ್ ಓದಿ ಒಳ್ಳೆಯ ಅಂಕ ತಂದವನಿಗೆ ಬಿಕಾಂ ಸೀಟು ಬೇಗ ಸಿಗುತ್ತದೆ. ಎಲ್ಲ ಬಾಗಿಲೂ ತೆರೆದಿದ್ದರೆ ಸಾಲದು, ಒಳಗೆ ಹೋಗುವಷ್ಟು ಅಂಕವೂ ಇರಬೇಕು.

ನಾಲ್ಕನೆಯ ಹೆಜ್ಜೆ: ಯಾರೂ ಹೇಳದ ಗುಂಪುಗಳನ್ನೂ ನೋಡಿ

ಜೀವಶಾಸ್ತ್ರ-ಗಣಿತದ ಗುಂಪಿನ ಬಗ್ಗೆ, ಕಂಪ್ಯೂಟರ್ ಸಯನ್ಸ್ ಬಗ್ಗೆ ನಿಮಗೆ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಒಂದೇ ಎಚ್ಚರಿಕೆ: ಜೀವಶಾಸ್ತ್ರ ಎಂದರೆ ಪ್ಲಸ್ ಒನ್‌ನಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಎಂದು ಎರಡು ಭಾಗ. ಹೆಸರಿಗೆ ನಾಲ್ಕು ವಿಷಯವಾದರೂ ಓದು ಐದು ವಿಷಯದ್ದು.

ನಾನು ಹೆಚ್ಚು ಹೇಳಬೇಕೆಂದಿರುವುದು ಉಳಿದವುಗಳ ಬಗ್ಗೆ. ಭೂವಿಜ್ಞಾನ ಇರುವ ಗುಂಪನ್ನು ತೆಗೆದುಕೊಳ್ಳಿ. ಮುರಕಲ್ಲಿನ ಪಣೆಗಳ ನಡುವೆ ಬೆಳೆದ, ಗುಡ್ಡದ ಒಡಲಿಗೆ ಕೊರೆದ ಸುರಂಗದ ನೀರು ಕುಡಿದ ನಮ್ಮ ಮಕ್ಕಳಿಗೆ ಅದಕ್ಕಿಂತ ಹತ್ತಿರದ ವಿಷಯ ಯಾವುದು? ಬಾಯಾರು, ಪೈವಳಿಕೆ ಕಡೆಯ ಹಿರಿಯರು ಮಣ್ಣಿನ ಬಣ್ಣ ನೋಡಿ, ಸುತ್ತಲಿನ ಮರಗಿಡ ನೋಡಿ ನೀರಿನ ಜಾಡು ಹೇಳುತ್ತಾರೆ. ಕಲ್ಲಿನ ಪದರ ಏಕೆ ಹಾಗಿದೆ, ಮಳೆನೀರು ಎಲ್ಲಿ ಇಳಿದು ಎಲ್ಲಿ ಒಸರುತ್ತದೆ ಎಂಬುದನ್ನು ಶಾಸ್ತ್ರವಾಗಿ ಕಲಿಯುವುದೇ ಭೂವಿಜ್ಞಾನ. ವಿದ್ಯಾನಗರದ ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಅದರ ಪದವಿ ತರಗತಿ ಇದೆ. ಎಲ್ಲ ಜಿಲ್ಲೆಗಳಲ್ಲೂ ಸಿಗದ ಅವಕಾಶ ಅದು. ಭೂಜಲ ಇಲಾಖೆ, ಗಣಿ ಮತ್ತು ಭೂವಿಜ್ಞಾನ ಇಲಾಖೆ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಮುಂತಾದ ಕಡೆ ಅದಕ್ಕೆ ಕೆಲಸವಿದೆ. ಪ್ಲಸ್ ಟುವಿನಲ್ಲಿ ಭೂವಿಜ್ಞಾನ ಇರುವ ಶಾಲೆಗಳು ಕಡಿಮೆ. ಸಿಗುವಂತಿದ್ದರೆ ಒಮ್ಮೆ ಗಂಭೀರವಾಗಿ ಯೋಚಿಸಿ.

ಸಂಖ್ಯಾಶಾಸ್ತ್ರವೂ ಹೀಗೆಯೇ ಮೂಲೆಗೆ ಬಿದ್ದಿರುವ ವಿಷಯ. ಗಣಿತ ಇಷ್ಟ, ಆದರೆ ಎಂಜಿನಿಯರಿಂಗ್ ಬೇಡ ಎನ್ನುವ ಮಗುವಿಗೆ ಅದು ಹೇಳಿ ಮಾಡಿಸಿದ್ದು. ಕಾಮರ್ಸ್‌ನಲ್ಲೂ ನಾಲ್ಕನೆಯ ವಿಷಯವಾಗಿ ಗಣಿತ, ಸಂಖ್ಯಾಶಾಸ್ತ್ರ, ರಾಜ್ಯಶಾಸ್ತ್ರ, ಕಂಪ್ಯೂಟರ್ ಅಪ್ಲಿಕೇಶನ್ ಇವುಗಳಲ್ಲಿ ಒಂದು ಇರುತ್ತದೆ. ಹೆಚ್ಚಿನವರು ಕಂಪ್ಯೂಟರ್ ಎಂಬ ಹೆಸರಿಗೆ ಒಲಿಯುತ್ತಾರೆ. ಮುಂದೆ ಅರ್ಥಶಾಸ್ತ್ರವನ್ನು ಆಳವಾಗಿ ಓದುವ ಆಸೆಯಿದ್ದರೆ ಗಣಿತ ಇರುವುದನ್ನು ಹಿಡಿಯಿರಿ. ಕಾಮರ್ಸ್ ಬಗ್ಗೆ ಕನ್ನಡ ಮಾಧ್ಯಮದ ಮಕ್ಕಳಿಗೆ ಒಂದು ಧೈರ್ಯದ ಮಾತು: ಅಕೌಂಟೆನ್ಸಿ ಹತ್ತನೆಯವರೆಗೆ ಯಾರಿಗೂ ಇರಲಿಲ್ಲ. ಇಂಗ್ಲಿಷ್ ಮಾಧ್ಯಮದವರೂ ನೀವೂ ಮೊದಲ ಪುಟದಿಂದಲೇ ಒಟ್ಟಿಗೆ ಶುರು ಮಾಡುತ್ತೀರಿ.

ಹ್ಯುಮಾನಿಟೀಸ್ ಎಂದರೆ ಮೂಗು ಮುರಿಯುವ ಹೆತ್ತವರಿಗೆ ನಾನು ಕೈಮುಗಿದು ಹೇಳುತ್ತೇನೆ, ಹಾಗೆ ಮಾಡಬೇಡಿ. ಅತಿ ಹೆಚ್ಚು ಬಗೆಯ ಗುಂಪುಗಳಿರುವುದು ಅಲ್ಲೇ: ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಜೊತೆ ಭೂಗೋಳ ಅಥವಾ ಸಮಾಜಶಾಸ್ತ್ರ, ಬೇರೆ ಗುಂಪುಗಳಲ್ಲಿ ಮನಃಶಾಸ್ತ್ರ, ಸೋಶಿಯಲ್ ವರ್ಕ್, ಪತ್ರಿಕೋದ್ಯಮ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಜೊತೆ ಕನ್ನಡವನ್ನೇ ನಾಲ್ಕನೆಯ ಐಚ್ಛಿಕವಾಗಿ ಓದುವ ಗುಂಪೂ ಇದೆ. ಇದು ದ್ವಿತೀಯ ಭಾಷೆಯ ಕನ್ನಡಕ್ಕಿಂತ ಬೇರೆ, ಇನ್ನೂ ಹೆಚ್ಚಿನ ಓದು. ಸಾಹಿತ್ಯ ಇಷ್ಟಪಡುವ, ಕಲೋತ್ಸವದಲ್ಲಿ ಕವಿತೆ ಬರೆದು ಬಹುಮಾನ ತಂದ, ಯಕ್ಷಗಾನದ ಪ್ರಸಂಗಗಳನ್ನು ಬಾಯಿಪಾಠ ಹೇಳುವ ಮಕ್ಕಳು ನಮ್ಮಲ್ಲಿ ಎಷ್ಟಿಲ್ಲ! ಅವರಿಗೆ ಮುಂದಿನ ದಾರಿ ಜಿಲ್ಲೆಯೊಳಗೇ ಇದೆ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕನ್ನಡ ಪದವಿ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂಎ. ಅಧ್ಯಾಪಕರಾಗಬೇಕೆನ್ನುವವರಿಗೆ ಪ್ಲಸ್ ಟು ಆದೊಡನೆ ಡಿಎಲ್‌ಎಡ್ ಎಂಬ ಅಧ್ಯಾಪಕ ತರಬೇತಿ ಡಿಪ್ಲೊಮಾ ಮಾಡುವ ದಾರಿಯೂ ಇದೆ. ಮಾಯಿಪ್ಪಾಡಿಯ ಡಯಟ್‌ನಲ್ಲಿ, ಅಂದರೆ ಜಿಲ್ಲಾ ಅಧ್ಯಾಪಕ ತರಬೇತಿ ಸಂಸ್ಥೆಯಲ್ಲಿ, ವಿಚಾರಿಸಿ. ಅದಕ್ಕೆ ಪ್ಲಸ್ ಟುವಿನಲ್ಲಿ ಕನಿಷ್ಠ ಅಂಕದ ಷರತ್ತು ಇರುವುದರಿಂದ ‘ಪಾಸಾದರೆ ಸಾಕು’ ಎಂಬ ಓದು ನಡೆಯುವುದಿಲ್ಲ.

ಕೈಕೆಲಸ, ಯಂತ್ರ, ಕೃಷಿ, ಆರೋಗ್ಯಸೇವೆಯಂಥ ಕಸುಬಿನ ಕಡೆ ಒಲವಿರುವವರಿಗೆ ವಿಎಚ್‌ಎಸ್‌ಇ ಇದೆ. ಕುಂಜತ್ತೂರು, ಮೊಗ್ರಾಲ್, ಮುಳ್ಳೇರಿಯಾದಂಥ ಕಡೆ ಸರಕಾರಿ ವೊಕೇಶನಲ್ ಹಯರ್ ಸೆಕೆಂಡರಿಗಳಿವೆ. ಕಸುಬಿನ ವಿಷಯದ ಜೊತೆಗೆ ಸಯನ್ಸ್ ಅಥವಾ ಇತರ ಐಚ್ಛಿಕಗಳೂ ಇರುವುದರಿಂದ ಪದವಿಯ ದಾರಿ ಮುಚ್ಚುವುದಿಲ್ಲ. ಅದರ ಅರ್ಜಿ ಬೇರೆ, ಮರೆಯಬೇಡಿ.

ಐದನೆಯ ಹೆಜ್ಜೆ: ನಿಮ್ಮ ಅಂಕವನ್ನು ನೀವೇ ಲೆಕ್ಕ ಹಾಕಿ

ಅಲೋಟ್‌ಮೆಂಟ್, ಅಂದರೆ ಸೀಟು ಹಂಚಿಕೆ, ನಡೆಯುವುದು ಎ ಪ್ಲಸ್‌ಗಳ ಎಣಿಕೆಯಿಂದಲ್ಲ, ಡಬ್ಲ್ಯೂಜಿಪಿಎ ಎಂಬ ತೂಕದ ಸರಾಸರಿಯಿಂದ. ಎ ಪ್ಲಸ್‌ಗೆ 9, ಎಗೆ 8, ಬಿ ಪ್ಲಸ್‌ಗೆ 7, ಬಿಗೆ 6, ಸಿ ಪ್ಲಸ್‌ಗೆ 5, ಸಿಗೆ 4, ಡಿ ಪ್ಲಸ್‌ಗೆ 3. ಹತ್ತು ಪೇಪರುಗಳ ಈ ಗ್ರೇಡ್ ಅಂಕ ಕೂಡಿಸಿ. ನೀವು ಕೇಳುವ ಕಾಂಬಿನೇಷನ್‌ಗೆ ಹತ್ತಿರವಾದ ಕೆಲವು ವಿಷಯಗಳ ಅಂಕವನ್ನು ಇನ್ನೊಮ್ಮೆ ಕೂಡಿಸುತ್ತಾರೆ. ಬಂದ ಮೊತ್ತವನ್ನು ಹತ್ತು ಮತ್ತು ಆ ತೂಕದ ವಿಷಯಗಳ ಸಂಖ್ಯೆ ಸೇರಿಸಿದ ಸಂಖ್ಯೆಯಿಂದ ಭಾಗಿಸುತ್ತಾರೆ.

ಒಂದು ಮಗುವಿಗೆ ಕನ್ನಡದ ಎರಡು ಪೇಪರಿಗೂ ಐಟಿಗೂ ಎ ಪ್ಲಸ್. ಹಿಂದಿ, ಸಮಾಜ, ಜೀವಶಾಸ್ತ್ರಕ್ಕೆ ಎ. ಇಂಗ್ಲಿಷ್, ಭೌತ, ರಸಾಯನಕ್ಕೆ ಬಿ ಪ್ಲಸ್. ಗಣಿತಕ್ಕೆ ಸಿ ಪ್ಲಸ್ ಬಂದಿದೆ ಎಂದಿಟ್ಟುಕೊಳ್ಳಿ. ಒಟ್ಟು 77. ಭೌತ, ರಸಾಯನ, ಜೀವಶಾಸ್ತ್ರ, ಗಣಿತ ನಾಲ್ಕಕ್ಕೂ ತೂಕ ಇರುವ ಗುಂಪಾದರೆ 77ಕ್ಕೆ 27 ಸೇರಿ 104. ಅದನ್ನು 14ರಿಂದ ಭಾಗಿಸಿದರೆ 7.43. ಸಮಾಜಕ್ಕೆ ಮಾತ್ರ ತೂಕ ಇರುವ ಗುಂಪಾದರೆ 85ನ್ನು 11ರಿಂದ ಭಾಗಿಸಿ 7.73. ಅದೇ ಮಗು, ಅದೇ ಅಂಕಪಟ್ಟಿ. ಆದರೆ ಎರಡು ಸಾಲುಗಳಲ್ಲಿ ಎರಡು ಬೇರೆ ಜಾಗ. ಯಾವ ಕಾಂಬಿನೇಷನ್‌ಗೆ ಯಾವ ವಿಷಯಕ್ಕೆ ತೂಕ ಎಂಬುದು ಆ ವರ್ಷದ ಪ್ರಾಸ್ಪೆಕ್ಟಸ್‌ನಲ್ಲಿ ಕೋಷ್ಟಕವಾಗಿ ಇರುತ್ತದೆ. ಅದನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕಿ.

ಇದರ ಮೇಲೆ ಬೋನಸ್. ಹತ್ತನೆಯನ್ನು ಅದೇ ಶಾಲೆಯಲ್ಲಿ ಕಲಿತಿದ್ದರೆ, ಶಾಲೆ ಇರುವ ಪಂಚಾಯತಿನವರೇ ಆಗಿದ್ದರೆ, ಅದೇ ತಾಲೂಕಿನವರಾಗಿದ್ದರೆ ಬೋನಸ್ ಅಂಕ ಸಿಗುತ್ತದೆ. ಅದನ್ನು ಹತ್ತರಿಂದ ಭಾಗಿಸಿ ಸರಾಸರಿಗೆ ಸೇರಿಸುತ್ತಾರೆ. ಎರಡು ಬೋನಸ್ ಅಂಕ ಎಂದರೆ 0.2. ದಶಾಂಶದ ಆಚೆ ಈಚೆ ಸೀಟು ಹೋಗುವ ಕಡೆ ಅದು ಸಣ್ಣದಲ್ಲ. ನಿಮ್ಮ ಪಂಚಾಯತು, ತಾಲೂಕು ಸರಿಯಾಗಿ ತುಂಬಿ. ಅರ್ಜಿಯಲ್ಲಿ ಹೇಳಿದ್ದಕ್ಕೆ ಸೇರುವಾಗ ದಾಖಲೆ ತೋರಿಸಲಾಗದಿದ್ದರೆ ಸಿಕ್ಕ ಸೀಟು ರದ್ದಾಗುತ್ತದೆ.

ಆರನೆಯ ಹೆಜ್ಜೆ: ಶಾಲೆಗೆ ಹೋಗಿ ನೋಡಿ, ಆಮೇಲೆ ಆಪ್ಷನ್ ಬರೆಯಿರಿ

ಜೂನಿನ ಮಳೆಯಲ್ಲಿ ಎರಡು ಬಸ್ ಬದಲಿಸಿ ಹೋಗುವ ಶಾಲೆ ಹೇಗಿರುತ್ತದೆ ಎಂದು ಮೇ ತಿಂಗಳಲ್ಲೇ ತಿಳಿಯಬೇಕಾದರೆ ಒಮ್ಮೆ ಹೋಗಿಯೇ ಬರಬೇಕು. ಸಂಜೆಯ ಕೊನೆಯ ಬಸ್ ಎಷ್ಟು ಹೊತ್ತಿಗೆ? ಲ್ಯಾಬ್ ಇದೆಯೇ, ಬೀಗ ಹಾಕಿಯೇ ಇರುತ್ತದೆಯೇ? ಬೇಕಾದ ವಿಷಯಕ್ಕೆ ಖಾಯಂ ಅಧ್ಯಾಪಕರಿದ್ದಾರೆಯೇ, ಪ್ರತಿವರ್ಷ ದಿನಗೂಲಿಯ ಮೇಲೆ ಹೊಸಬರು ಬರುತ್ತಾರೆಯೇ? ಕನ್ನಡ ಬಲ್ಲ ಅಧ್ಯಾಪಕರು ಯಾರಾದರೂ ಇದ್ದಾರೆಯೇ? ಹಯರ್ ಸೆಕೆಂಡರಿಗಳಲ್ಲಿ ಕರಿಯರ್ ಗೈಡ್ ಹೊಣೆ ಹೊತ್ತ ಅಧ್ಯಾಪಕರು ಇರುತ್ತಾರೆ, ಅವರನ್ನೇ ಕೇಳಿ. ಅಲ್ಲಿ ಓದುತ್ತಿರುವ ನೆರೆಮನೆಯ ಅಕ್ಕನೋ ಅಣ್ಣನೋ ಇದ್ದರೆ ಇನ್ನೂ ಒಳ್ಳೆಯದು.

ಆಮೇಲೆ ಆಪ್ಷನ್. ಒಂದು ಶಾಲೆ ಮತ್ತು ಒಂದು ಕಾಂಬಿನೇಷನ್ ಸೇರಿ ಒಂದು ಆಪ್ಷನ್. ನಿಮಗೆ ನಿಜವಾಗಿಯೂ ಬೇಕಾದ ಕ್ರಮದಲ್ಲೇ ಬರೆಯಿರಿ. ‘ಅದು ಸಿಗಲಿಕ್ಕಿಲ್ಲ’ ಎಂದು ಬೇಕಾದದ್ದನ್ನು ಕೆಳಗೆ ಹಾಕಬೇಡಿ; ಮೊದಲ ಆಪ್ಷನ್ ಸಿಗದಿದ್ದರೆ ನಿಮ್ಮ ಎರಡನೆಯದಕ್ಕೆ ಯಾವ ನಷ್ಟವೂ ಆಗುವುದಿಲ್ಲ. ಹಾಗೆಯೇ ಸಿಕ್ಕಿದರೂ ಹೋಗುವುದಿಲ್ಲ ಎನ್ನುವ ಶಾಲೆಯನ್ನು ಪಟ್ಟಿ ಉದ್ದವಾಗಲೆಂದು ಸೇರಿಸಬೇಡಿ. ಸಿಕ್ಕಿಯೂ ಸೇರದಿದ್ದರೆ ಮುಂದಿನ ಅಲೋಟ್‌ಮೆಂಟುಗಳಿಂದ ನಿಮ್ಮ ಹೆಸರು ಹೊರಗೆ ಹೋಗುತ್ತದೆ. ಕ್ಯಾಂಡಿಡೇಟ್ ಲಾಗಿನ್‌ಗೆ ಮನೆಯವರದೇ ಮೊಬೈಲ್ ನಂಬರ್ ಕೊಡಿ. ಒಟಿಪಿ ಬೇರೆಯವರ ಫೋನಿಗೆ ಹೋದರೆ ಆಮೇಲೆ ತಿದ್ದುಪಡಿಗೆ ಅವರ ಹಿಂದೆ ಓಡಬೇಕಾಗುತ್ತದೆ. ಸಿಬಿಎಸ್‌ಇಯಲ್ಲಿ ಬೇಸಿಕ್ ಗಣಿತ ಬರೆದು ಬಂದವರು ಗಣಿತ ಇರುವ ಗುಂಪು ಕೇಳುವಂತಿಲ್ಲ ಎಂಬುದನ್ನೂ ನೆನಪಿಡಿ.

ಏಳನೆಯ ಹೆಜ್ಜೆ: ಅಲೋಟ್‌ಮೆಂಟಿನ ದಿನಗಳು

ಮೊದಲು ಬರುವುದು ಟ್ರಯಲ್ ಅಲೋಟ್‌ಮೆಂಟ್. ಅದು ಸೀಟಲ್ಲ, ಹೀಗಾದರೆ ಹೀಗೆ ಎಂಬ ಸೂಚನೆ. ತಪ್ಪು ತಿದ್ದಲು, ಆಪ್ಷನ್‌ಗಳ ಕ್ರಮ ಬದಲಿಸಲು ಅಲ್ಲೇ ಕೊನೆಯ ಅವಕಾಶ. ಹೆಸರು, ಗ್ರೇಡ್, ಬೋನಸ್ ಎಲ್ಲವನ್ನೂ ಅಂದು ಕುಳಿತು ಓದಿ.

ಮುಖ್ಯ ಅಲೋಟ್‌ಮೆಂಟಿನಲ್ಲಿ ಮೊದಲ ಆಪ್ಷನ್ನೇ ಸಿಕ್ಕಿದರೆ ಫೀಸು ಕಟ್ಟಿ ಖಾಯಂ ಸೇರಬೇಕು. ಕೆಳಗಿನ ಆಪ್ಷನ್ ಸಿಕ್ಕಿದರೆ ತಾತ್ಕಾಲಿಕವಾಗಿ ಸೇರಿ ಮೇಲಿನದಕ್ಕೆ ಕಾಯಬಹುದು. ಅದಕ್ಕೆ ಫೀಸು ಕಟ್ಟಬೇಕಿಲ್ಲ, ಆದರೆ ಮೂಲ ಸರ್ಟಿಫಿಕೇಟುಗಳನ್ನು ಕೊಡಬೇಕು. ಸಿಕ್ಕಿದ್ದೇ ಸಾಕು ಎನಿಸಿದರೆ ಮೇಲಿನ ಆಪ್ಷನ್‌ಗಳನ್ನು ರದ್ದು ಮಾಡಲು ಶಾಲೆಯಲ್ಲಿ ಬರೆದುಕೊಡಿ. ರದ್ದು ಮಾಡದೆ ಸುಮ್ಮನಿದ್ದರೆ ಮುಂದಿನ ಅಲೋಟ್‌ಮೆಂಟಿನಲ್ಲಿ ಮೇಲಿನದಕ್ಕೆ ತಾನಾಗಿಯೇ ಬದಲಾಗುತ್ತದೆ, ಹಳೆಯ ಸೀಟು ಹೋಗುತ್ತದೆ. ಏನೂ ಸಿಗದವರು ಉಳಿದ ಸೀಟುಗಳ ಸಪ್ಲಿಮೆಂಟರಿ ಅಲೋಟ್‌ಮೆಂಟಿಗೆ ಅರ್ಜಿ ನವೀಕರಿಸಬೇಕು. ಸುಮ್ಮನೆ ಕಾದರೆ ಹೆಸರು ಬರುವುದಿಲ್ಲ.

ಕರ್ನಾಟಕದ ಕಡೆ ನೋಡುವವರಿಗೆ

ಪ್ಲಸ್ ಟು ಇಲ್ಲಿ ಮುಗಿಸಿ ಮಂಗಳೂರು, ಪುತ್ತೂರು, ಬೆಂಗಳೂರಿನ ವೃತ್ತಿಪರ ಕೋರ್ಸುಗಳಿಗೆ ಹೋಗುವ ಯೋಚನೆಯಿದ್ದರೆ ದಾಖಲೆಗಳನ್ನು ಈಗಿನಿಂದಲೇ ಜೋಡಿಸಿ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅರ್ಹತೆಯ ಒಂದು ವಿಭಾಗವಿದೆ. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳು, ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳು ಅದರಲ್ಲಿ ಬರುತ್ತವೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಆ ತಾಲೂಕುಗಳ ನಿವಾಸಿಯಾಗಿದ್ದು ಅಲ್ಲೇ ನಿಗದಿತ ವರ್ಷಗಳಷ್ಟು ಓದಿರಬೇಕು. ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಮನೆಯಲ್ಲಿ ತುಳು ಆಡಿ ಶಾಲೆಯಲ್ಲಿ ಕನ್ನಡ ಕಲಿತ ಮಗುವಿಗೆ ಆ ಪರೀಕ್ಷೆ ಕಷ್ಟವಲ್ಲ. ಕನ್ನಡ ಅಕ್ಷರವನ್ನೇ ಬಿಟ್ಟವರಿಗೆ ಕಷ್ಟ. ಎಲ್‌ಪಿ, ಯುಪಿ, ಹೈಸ್ಕೂಲು ಬೇರೆ ಬೇರೆಯಾಗಿದ್ದರೆ ಪ್ರತಿಯೊಂದರ ಮುಖ್ಯೋಪಾಧ್ಯಾಯರಿಂದಲೂ ಅಧ್ಯಯನ ಪ್ರಮಾಣಪತ್ರ ತೆಗೆದಿಟ್ಟುಕೊಳ್ಳಿ. ಎರಡು ವರ್ಷದ ನಂತರ ಓಡಾಡುವುದಕ್ಕಿಂತ ಈ ರಜೆಯಲ್ಲಿ ಮಾಡುವುದು ಹಗುರ.

ಇಲ್ಲೇ ಇನ್ನೊಂದು ವಿಚಾರ. ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಆದರೆ ಕನ್ನಡದ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ. ಆ ದಾರಿ ಬೇಕಾದವರು ಅರ್ಜಿ ತುಂಬುವಾಗ ಮಂಗಳೂರಿನಂಥ ಕೇಂದ್ರವನ್ನೇ ಆರಿಸಬೇಕು.

ಎಂಟನೆಯ ಹೆಜ್ಜೆ: ತರಗತಿ ಶುರುವಾಗುವ ಮುಂಚೆ

ಕನ್ನಡದಲ್ಲಿ ಚೆನ್ನಾಗಿ ಅರ್ಥಮಾಡಿಕೊಂಡ ವಿಜ್ಞಾನವನ್ನು ಇಂಗ್ಲಿಷ್ ಪುಸ್ತಕದಲ್ಲಿ ಗುರುತಿಸಲಾಗದೆ ಸೋತೆನೆಂದು ಭಾವಿಸುವ ಮಕ್ಕಳು ಬಹಳ. ಅವರು ಸೋತಿಲ್ಲ. ಜಡತ್ವ ಗೊತ್ತು, ಇನರ್ಷಿಯಾ ಗೊತ್ತಿಲ್ಲ. ದ್ಯುತಿಸಂಶ್ಲೇಷಣೆ ಗೊತ್ತು, ಫೋಟೋಸಿಂಥೆಸಿಸ್ ಹೊಸದು. ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿ, ಹತ್ತನೆಯ ಕನ್ನಡ ಪುಸ್ತಕ ಮತ್ತು ಅದೇ ತರಗತಿಯ ಇಂಗ್ಲಿಷ್ ಮಾಧ್ಯಮದ ಪುಸ್ತಕ ಪಕ್ಕಪಕ್ಕ ಇಟ್ಟು ಪಾಠದಿಂದ ಪಾಠಕ್ಕೆ ಪದಗಳನ್ನು ಬರೆಯುತ್ತಾ ಹೋಗಿ. ಎಸ್‌ಸಿಇಆರ್‌ಟಿಯ ಎರಡೂ ಮಾಧ್ಯಮದ ಪುಸ್ತಕಗಳು ಆನ್‌ಲೈನಿನಲ್ಲಿ ಉಚಿತವಾಗಿ ಸಿಗುತ್ತವೆ. ಪ್ಲಸ್ ಒನ್ ರಸಾಯನಶಾಸ್ತ್ರದ ಮೊದಲ ಪಾಠದಲ್ಲೇ ಮೋಲ್ ಲೆಕ್ಕ ಬರುತ್ತದೆ, ಅದನ್ನು ರಜೆಯಲ್ಲೇ ಗಟ್ಟಿ ಮಾಡಿಕೊಳ್ಳಿ. ಭೌತಶಾಸ್ತ್ರಕ್ಕೆ ಕಲನದ ಮೊದಲ ಪರಿಚಯ ಆರಂಭದಲ್ಲೇ ಬೇಕಾಗುತ್ತದೆ, ಗಣಿತ ಪುಸ್ತಕದಲ್ಲಾದರೆ ಅದು ಕೊನೆಯ ಕಡೆ ಬರುತ್ತದೆ. ಗಣಿತದ ಟೀಚರನ್ನು ಕೇಳಿ ಎರಡು ಗಂಟೆ ಹೇಳಿಸಿಕೊಂಡರೂ ಸಾಕು.

ಕರ್ನಾಟಕದ ಪಿಯುಸಿ ಸಯನ್ಸ್ ಕೂಡ ಎನ್‌ಸಿಇಆರ್‌ಟಿ ಪಠ್ಯವನ್ನೇ ಅನುಸರಿಸುವುದರಿಂದ ಅಲ್ಲಿಯ ಪ್ರಶ್ನಕೋಶಗಳು ಅಭ್ಯಾಸಕ್ಕೆ ಒದಗುತ್ತವೆ. ಇತಿಹಾಸ, ರಾಜ್ಯಶಾಸ್ತ್ರದ ಕನ್ನಡ ಪುಸ್ತಕಗಳು ಅಲ್ಲಿ ಇವೆ. ಪಾಠಗಳು ನಮ್ಮವೇ ಅಲ್ಲ, ಆದರೆ ವಿಷಯ ತಿಳಿಯಲು ಓದಿಕೊಳ್ಳಬಹುದು.

ಸೇರಿ ಕೆಲವು ವಾರ ಕಳೆದ ಮೇಲೂ ಗುಂಪು ಹೊಂದುವುದಿಲ್ಲ ಎನಿಸಿದರೆ ಮಗು ಅದನ್ನು ಮನೆಯಲ್ಲಿ ಹೇಳುವಷ್ಟು ಸಲಿಗೆ ಇರಲಿ. ಸಪ್ಲಿಮೆಂಟರಿ ಅಲೋಟ್‌ಮೆಂಟ್ ಹಂತದಲ್ಲಿ ಖಾಲಿ ಸೀಟುಗಳಿಗೆ ಶಾಲೆ ಅಥವಾ ಕಾಂಬಿನೇಷನ್ ಬದಲಾವಣೆಗೆ ಅರ್ಜಿ ಕರೆಯುತ್ತಾರೆ. ಅದೂ ಏಕಜಾಲಕದ ಮೂಲಕವೇ. ಗಡುವು ಕೆಲವೇ ದಿನಗಳದ್ದು. ದಿನಾಂಕ ಶಾಲೆಯ ನೋಟಿಸ್ ಬೋರ್ಡಿನಲ್ಲಿ ಬರುತ್ತದೆ, ತರಗತಿ ಅಧ್ಯಾಪಕರಿಗೆ ಮೊದಲೇ ಹೇಳಿಟ್ಟರೆ ಅವರೂ ತಿಳಿಸುತ್ತಾರೆ.